ಯಥಾಸ್ಥಿತಿ

ಅರಗು ಕರಗಿಸಲು ಮೇಣದಬತ್ತಿ ಹಚ್ಚಹೊರಟರು
ಕೋರ್ಟು ಕಳಿಸಿದ ಕಮಿಷನರಮ್ಮ.
ಸ್ಪಿರಿಟ್ ಇರುವ ಕೋಣೆ, ಬೆಂಕಿ ಬೇಡ ಮೇಡಂ, ಅಂದೆ.
ಕಾರಿಡಾರಿನಲ್ಲಿ, ಕ್ಯಾಂಟೀನಿನ ಚಮಚದಲ್ಲಿ ಕರಗಿಸಿ
ಆರುವ ಮುನ್ನ ಓಡಿ ಬಂದು ಸುರಿದರು
ಫ್ರೀಜರಿನ ಬಾಗಿಲಿಗೆ ಬಿಗಿದ ಬಟ್ಟೆಯ ಮೇಲೆ
ಮೂರು ಕೆಂಪು ಬೊಟ್ಟು.
ತೆರೆಯುವಂತಿಲ್ಲ, ಬೆಳೆಸುವಂತಿಲ್ಲ,
ಸಾಯಿಸುವಂತೆಯೂ ಇಲ್ಲ.
ಯಥಾಸ್ಥಿತಿ, ಎಂದು ಆದೇಶದ ಕೊನೆಯ ಸಾಲು ಓದಿ
ನನ್ನ ಸಹಿ ಪಡೆದು
ಕ್ಯಾಬು ಹಿಡಿದು ಪೀಣ್ಯಕ್ಕೆ ಹೋದರು.
ಅಲ್ಲೂ ಇಂಥದೇ ಒಂದು ಬಾಗಿಲು.
ಚಮಚ ವಾಪಸು ಬರಲಿಲ್ಲ.

ಒಳಗಿರುವುದು ಹನ್ನೆರಡು, ಕಿರುಬೆರಳುದ್ದದ ಸೀಸೆ,
ಮೈನಸ್ ಎಂಬತ್ತರಲ್ಲಿ ನಿದ್ದೆಹೋದ ಯೀಸ್ಟು.
ಎಬ್ಬಿಸಿ ಉಣ್ಣಲಿಟ್ಟರೆ ಔಷಧ ಒಸರುತ್ತದೆ,
ಎರಡೂವರೆ ತಾಸಿಗೆ ಒಂದಿದ್ದದ್ದು ಎರಡಾಗುತ್ತದೆ.
ತಾಯಿ ಯಾವುದು, ಮಗಳು ಯಾವುದು
ದೊಡ್ಡ ಸೂಕ್ಷ್ಮದರ್ಶಕದಲ್ಲಿ ತಿಳಿಯುತ್ತದೆ:
ಹೆತ್ತ ಕಡೆಯಲ್ಲೆಲ್ಲ ತಾಯಿಯ ಮೈಯಲ್ಲಿ ಒಂದೊಂದು ಕಲೆ.
ಯಾವ ಕಂಪನಿಯದು ಎಂಬುದಕ್ಕೆ ಕಲೆಯಿಲ್ಲ.
ಅದಕ್ಕೇ ನಾಲ್ಕು ವರ್ಷ,
ಅದಕ್ಕೇ ದೆಹಲಿಯಿಂದ ವಿಮಾನದಲ್ಲಿ ಬರುವ ಕರಿಕೋಟು,
ಅದಕ್ಕೇ ಸಿವಿಲ್ ಕೋರ್ಟಿನ ಮೆಟ್ಟಿಲ ಮೇಲೆ
ಟ್ರಾಲಿಯಲ್ಲಿ ಏರಿ ಇಳಿಯುವ ನನ್ನ ಕೈಬರಹ.

ಡೊಮಿನಿಕ್ ಇಲ್ಲಿ ಬಿಟ್ಟು ಅಲ್ಲಿ ಸೇರಿದ್ದೇ ದಾವೆಯ ಬೇರು.
ನೀವೇ ಅಲ್ಲವೆ ಅವರಿಗೆ ಕಲಿಸಿದ್ದು?
ಹೌದು.
ಏನನ್ನು?
ವಾಸನೆ ಹಿಡಿಯುವುದನ್ನು, ಅಂದೆ.
ಟೈಪಿಸ್ಟ್ ಬೆರಳು ನಿಲ್ಲಿಸಿ ನನ್ನತ್ತ ನೋಡಿದಳು.
ತೊಟ್ಟಿಯ ಮೂತಿಯಿಂದ ಬರುವ ಗಾಳಿಯಲ್ಲಿ
ಹುಳಿ ಬಂದ ಹಿಟ್ಟು ಮುಗಿದು, ಹಲಸಿನ ತೊಳೆ ಇನ್ನೂ ಶುರುವಾಗದ
ಒಂದು ಗಳಿಗೆ ಇರುತ್ತದೆ ಸ್ವಾಮಿ,
ಆಗ ತೆಗೆಯಬೇಕು.
ಮೀಟರಿಗಿಂತ ಅರ್ಧ ಗಂಟೆ ಮುಂಚೆ ಮೂಗಿಗೆ ಗೊತ್ತಾಗುತ್ತದೆ.
ಪೇಟೆಂಟಿನ ಇಪ್ಪತ್ತಮೂರು ಕ್ಲೇಮುಗಳಲ್ಲಿ
ಇದು ಎಷ್ಟನೆಯದು?
ಇದು ಇಲ್ಲ.
ಕೈಗುಣ, ಅಂದರು ಜಡ್ಜು, ಕನ್ನಡಕ ತೆಗೆದು.
ಅದನ್ನು ಟೈಪ್ ಮಾಡಬೇಡಮ್ಮ, ಅಂದರು.

ಮೇ ತಿಂಗಳ ಗಾಳಿಗೆ ಊರಿಡೀ ಗುಲ್‌ಮೊಹರ್ ಉರುಳಿದ ರಾತ್ರಿ
ಬೊಮ್ಮಸಂದ್ರ ಕತ್ತಲಾಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಎಪ್ಪತ್ತೆಂಟು. ಎಪ್ಪತ್ತೊಂದು. ಫ್ರೀಜರು ಕೂಗತೊಡಗಿತು.
ವಕೀಲರು ನಿದ್ದೆಗಣ್ಣಲ್ಲಿ ಫೋನೆತ್ತಿ,
ಸೀಲ್ ಮುಟ್ಟಬೇಡಿ, ಸತ್ತರೆ ಸಾಯಲಿ,
ಎಷ್ಟು ಗಂಟೆಗೆ ಅಂತ ಬರೆದಿಡಿ, ಅಂದರು.
ಸೆಕ್ಯುರಿಟಿ ಹನುಮಕ್ಕನ ಕಂಬಳಿ ತಂದು ಹೊದಿಸಿದೆ,
ಚಳಿ ಆಗದಿರಲೆಂದಲ್ಲ,
ಚಳಿ ಹೋಗದಿರಲೆಂದು.

ಎರಡು ಇಪ್ಪತ್ತಕ್ಕೆ ಫೋನು. ಅಳಿಸಿಹಾಕಿದ್ದ ನಂಬರು,
ಕಣ್ಣಿಗೆ ಗುರುತು ಹೋಗಿಲ್ಲ.
ಅಕ್ಕಾ, ಪೀಣ್ಯದಲ್ಲೂ ಕರೆಂಟಿಲ್ಲ.
ಎಷ್ಟಿದೆ ನಿಂದು?
ಐವತ್ತೊಂಬತ್ತು. ನಿಮ್ಮದು?
ಅರವತ್ತೆರಡು.
ಅವನ ಫ್ರೀಜರಿನ ಕೂಗು ನನಗೆ ಕೇಳುತ್ತಿತ್ತು, ನನ್ನದು ಅವನಿಗೆ,
ಒಂದರ ಹಿಂದೆ ಒಂದು, ತಾಳ ಕೂಡದೆ.
ತುಂಬ ಹೊತ್ತು ಅಷ್ಟೇ.
ಕಂಬಳಿ ಹೊದಿಸೋ, ಅಂದೆ.
ನಕ್ಕ. ಇದನ್ನೂ ನೀವೇ ಕಲಿಸಿದ ಹಾಗಾಯ್ತಲ್ಲ ಅಕ್ಕಾ?

ನಾಲ್ಕು ಹತ್ತಕ್ಕೆ ಕರೆಂಟು ಬಂತು.
ಪುಸ್ತಕದಲ್ಲಿ ಬರೆದೆ: ಗಂಟೆ, ಮೈನಸ್ ಐವತ್ತೈದು, ಸೀಲು ಭದ್ರ.
ಕಂಬಳಿ ಒಂದು, ಎಂದೂ ಬರೆದೆ.
ಉಳಿದ ಅರ್ಧ ಪುಟ ಖಾಲಿ.
ಆಮೇಲೆ ಯಾರೂ ಏನನ್ನೂ ಸೇರಿಸದಂತೆ
ಖಾಲಿ ಜಾಗಕ್ಕೆ ಓರೆಗೆರೆ ಎಳೆದು ಸಹಿ ಮಾಡಬೇಕು, ನಿಯಮ.
ಎಳೆದೆ.